ತಿರುಗುವ ಎಂಜಿನ್ನನ್ನು ನಿಲ್ಲಿಸುವ ಬಗೆ

ವಾಚಕರೇ, ಯಂತ್ರವನ್ನು ಚಾಲನೆಗೆ ತರುವ ವಿಷಯವಾಗಿ ಬರೆದವರು ಬಹು ಮಂದಿ. ಅದನ್ನು ನಿಲ್ಲಿಸುವ ವಿಷಯವಾಗಿ ಬರೆದವರು ವಿರಳ. ನನ್ನ ಬಾಲ್ಯದಲ್ಲಿ ಕಣಗಲಾ ಗ್ರಾಮದ ನಮ್ಮ ಹೊಲದ ಬಾವಿಯ ಮೇಲೆ ಒಂದು ಡೀಸೆಲ್ ಎಂಜಿನ್ನು ಇದ್ದಿತು. ಒಂದು ದಿನ ಕಬ್ಬಿಗೆ ನೀರು ಹಾಯುತ್ತಿರುವಾಗಲೇ, ಆಟದ ಆತುರದಿಂದ, ಅದನ್ನು ಒಮ್ಮೆಲೇ ನಿಲ್ಲಿಸಿ ಓಡಿಹೋದೆನು. ತಂದೆಯವರು ಹೊಡೆಯಲಿಲ್ಲ. "ಓಡಿ ಬಂದ ಎತ್ತಿಗೆ ಕೂಡ್ಲೆ ನೀರ ಕುಡಸ್ತಾರೇನಪಾ?" ಎಂದಷ್ಟೇ ಕೇಳಿದರು. ಎಂಜಿನ್ನು ನಿಂತೊಡನೆ ಅದರ ಮೈಯನ್ನು ತಂಪುಗೊಳಿಸುವ ನೀರೂ ನಿಲ್ಲುವುದು. ಒಳಗಿನ ಕಾವು ಮಾತ್ರ ನಿಲ್ಲದೆಂಬುದು ನನಗೆ ತಿಳಿದದ್ದು ಬಹಳ ದಿನಗಳ ತರುವಾಯ.

ಈಚೆಗೆ ಸಂಕೇಶ್ವರದಲ್ಲಿ ಮೋಟಾರು ದುರಸ್ತಿಯ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಪರದೇಶಗಳಲ್ಲಿ ಗೃಹಸ್ಥರು ತಮ್ಮ ಮನೆಯಂಗಳದಲ್ಲಿಯೇ ಪುಟ್ಟ ವಿಮಾನಗಳನ್ನು ಕಟ್ಟಿ, ಮೋಟಾರುಗಾಡಿಯ ರೋಟರಿ ಎಂಜಿನ್ನನ್ನು ಅವುಗಳಿಗೆ ಜೋಡಿಸುವರೆಂದೂ, ಹಾರಿ ಇಳಿದ ಮೇಲೆ ಅದನ್ನು ನಿಲ್ಲಿಸುವುದಕ್ಕೆ ಒಂದು ಕ್ರಮವುಂಟೆಂದೂ ಹೇಳಿದೆನು. ಅವನು ನಕ್ಕು, "ಗುರುಗಳ, ಕೀಲಿ ತಿರುವಿದ್ರ ಆತಲ್ರಿ, ಅದಕ್ಕೂ ಶಾಸ್ತ್ರ ಐತೇನ್ರಿ?" ಎಂದನು. ಅವನಿಗೆ ಹೇಳಿದುದನ್ನೇ ಇಲ್ಲಿ ಬರೆದಿರುವೆನು.

(ಸಂಸ್ಕೃತವನ್ನೋದಿದವನೆಂಬ ಕಾರಣದಿಂದ ವೈಮಾನಿಕಶಾಸ್ತ್ರದ ವಿಷಯವಾಗಿಯೂ ಹಲವರು ನನ್ನನ್ನು ಕೇಳುವುದುಂಟು. ಆ ಗ್ರಂಥದಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿಯೇ ತೋರಿಸಿಕೊಟ್ಟಿರುವರು. ಹಾರದುದನ್ನು ನಿಲ್ಲಿಸುವ ಚಿಂತೆ ನಮಗೇಕೆ?)

ರೋಟರಿ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಯಂತ್ರಗಳನ್ನು ಕರೆಯುವರು. ಮೊದಲನೆಯದು ಫ್ರಾನ್ಸಿನ ಸೆಗ್ಯಾಂ ಸಹೋದರರು ಪ್ರಚಾರಕ್ಕೆ ತಂದ ನೋಮ್ ಎಂಜಿನ್ನು. ಒಂದನೆಯ ಮಹಾಯುದ್ಧದ ಅನೇಕ ವಿಮಾನಗಳನ್ನು ಹಾರಿಸಿದ್ದು ಈ ಜಾತಿಯದು. ಇದರಲ್ಲಿ ನಡುವಿನ ದಂಡವು ಸ್ಥಿರವಾಗಿದ್ದು, ಸಿಲಿಂಡರುಗಳೇ ಪಂಖದೊಡನೆ ಗಿರ್ರನೆ ಸುತ್ತುವುವು. ನಮ್ಮ ಅಜ್ಜಿಯರು ಮಕ್ಕಳಿಗೆ ಕುಡಿಸುತ್ತಿದ್ದ ಹರಳೆಣ್ಣೆಯೇ ಇದಕ್ಕೆ ಹಾಕುವ ಎಣ್ಣೆ! ಅದು ಹೊಗೆಯೊಡನೆ ಹೊರಬಿದ್ದು ಚಾಲಕನ ಮುಖಕ್ಕೆ ರಾಚುತ್ತಿದ್ದಿತು. ಇಳಿಯುವಾಗ ವೇಗವನ್ನು ತಗ್ಗಿಸಲು ಅವನು ಗುಂಡಿಯೊಂದನ್ನು ಒತ್ತಿ ಕಿಡಿಯನ್ನು ಆಗಾಗ ತಡೆಯುವನು. ಆದರೆ ಕಿಡಿ ನಿಂತರೂ ಪೆಟ್ರೋಲು ಹರಿಯುತ್ತಲೇ ಇರುವುದಷ್ಟೆ? ಸುಡದ ಆ ಪೆಟ್ರೋಲು ಎಂಜಿನ್ನಿನ ಮುಸುಕಿನೊಳಗೆ ಕೂಡಿದ್ದು, ಕಿಡಿ ಮರಳಿ ಹತ್ತಿದೊಡನೆ ಭಗ್ಗನೆ ಉರಿದು ವಿಮಾನವನ್ನೇ ಸುಡಬಲ್ಲದು.

ಎರಡನೆಯದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬವನು ಕಲ್ಪಿಸಿದ್ದು. 1957ರಲ್ಲಿ ಮೊದಲು ಓಡಿತು. ಇದರ ಹೊರಕವಚವು ಸುತ್ತುವುದಿಲ್ಲ. ಉಬ್ಬಿದ ತ್ರಿಕೋನದಂತಹ ರೋಟರು ಒಳಗೆ ತಿರುಗುವುದು. ಅದು ಒಂದು ಸುತ್ತು ಬರುವಷ್ಟರಲ್ಲಿ ದಂಡವು ಮೂರು ಸುತ್ತು ತಿರುಗಿರುವುದು. ಜಪಾನಿನ ಮಜ್ದಾ ಕಂಪನಿಯ ಗಾಡಿಗಳಿಂದ ತೆಗೆದ ಇಂತಹ ಎಂಜಿನ್ನುಗಳನ್ನೇ ಮನೆಯಲ್ಲಿ ವಿಮಾನ ಕಟ್ಟುವವರು ಬಳಸುವರು. ತ್ರಿಕೋನದ ಮೂರು ಮೂಲೆಗಳಲ್ಲಿಯೂ ತೆಳುವಾದ ಪಟ್ಟಿಗಳಿದ್ದು, ಅವು ಕವಚದ ಗೋಡೆಗೆ ಎಣ್ಣೆಯ ಪೊರೆಯ ಮೇಲೆ ಒತ್ತಿಕೊಂಡು ಜಾರುವುವು. ಯಂತ್ರದ ಪ್ರಾಣವೆಲ್ಲ ಆ ಪೊರೆಯಲ್ಲಿದೆ. ಕಿಡಿಯನ್ನು ಮೊದಲು ಕಡಿದರೆ, ಒಳಬಂದ ಪೆಟ್ರೋಲು ಸುಡದೆ ಪೊರೆಯನ್ನು ತೊಳೆದುಬಿಡುವುದು. ಮರುದಿನ ಒತ್ತಡವೇ ಹುಟ್ಟದೆ ಎಂಜಿನ್ನು ಹಟ ಹಿಡಿಯುವುದು. ಆದುದರಿಂದ ಪೆಟ್ರೋಲನ್ನು ಮೊದಲು ನಿಲ್ಲಿಸಿ, ಒಳಗಿರುವುದೆಲ್ಲ ಸುಟ್ಟು ದಂಡವು ತಾನಾಗಿ ನಿಂತ ಮೇಲೆ ಕಿಡಿಯನ್ನೂ ಕೊನೆಗೆ ಬ್ಯಾಟರಿಯನ್ನೂ ಆರಿಸತಕ್ಕದ್ದು. ಅದಕ್ಕೂ ಮುಂಚೆ ಕೆಲ ನಿಮಿಷ ಮೆಲ್ಲನೆ ಓಡಿಸಿ ಕಾವನ್ನು ಇಳಿಸಬೇಕು. ಈ ಜಾತಿಯ ಎಂಜಿನ್ನು ಉಗುಳುವ ಹೊಗೆ ಬಲು ಬಿಸಿ. ಟರ್ಬೊ ಇದ್ದಲ್ಲಿ, ಕಾದ ಅದರ ಬೇರಿಂಗಿನಲ್ಲಿ ನಿಂತ ಎಣ್ಣೆಯು ಕರಿಕಾಗಿ ಹೆಪ್ಪುಗಟ್ಟುವುದು. ಹಾಗೆಯೇ, ಬೆಳಿಗ್ಗೆ ಹೊತ್ತಿಸಿ ಕಾವೇರುವ ಮುಂಚೆಯೇ ಆರಿಸುವುದೂ ತಪ್ಪು.

ನಮ್ಮ ಕನ್ನಡನಾಡಿನಲ್ಲಿಯೂ ಇಂತಹ ಎಂಜಿನ್ನು ಹಾರಿದೆಯೆಂದರೆ ಶಿಷ್ಯನು ನಂಬಲಿಲ್ಲ. 2009ನೆಯ ಇಸವಿ ಮಾರ್ಚ್ 29ರಂದು ಕೋಲಾರದ ವಿಮಾನದ ಬಯಲಿನಲ್ಲಿ 'ನಿಶಾಂತ್' ಎಂಬ ಚಾಲಕನಿಲ್ಲದ ವಿಮಾನವು ಸ್ವದೇಶಿ ವಾಂಕೆಲ್ ಎಂಜಿನ್ನಿನಿಂದ ಮೊದಲ ಸಲ ಹಾರಿತು. ಬೆಂಗಳೂರಿನ ಎನ್.ಎ.ಎಲ್. ಮತ್ತು ಎ.ಡಿ.ಇ., ಅಹಮದನಗರದ ವಿ.ಆರ್.ಡಿ.ಇ. ಎಂಬ ಮೂರು ಸಂಸ್ಥೆಗಳು ಕೂಡಿ ಆ ಎಂಜಿನ್ನನ್ನು ರಚಿಸಿದ್ದವು. ತೂಕ ಸುಮಾರು 30 ಕಿಲೋಗ್ರಾಂ. ವಿಮಾನವು 1.8 ಕಿಲೋಮೀಟರ್ ಎತ್ತರಕ್ಕೇರಿ, ಒಟ್ಟು 40 ನಿಮಿಷ ಹಾರಿ, ಬತ್ತಿದ ಕೆರೆಯೊಂದರಲ್ಲಿ ಕ್ಷೇಮವಾಗಿ ಇಳಿಯಿತು.

ನಿಶಾಂತಕ್ಕೆ ಗಾಲಿಗಳಿರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಅದನ್ನು ಚಿಮ್ಮಿಸುವರು, ಇಳಿಸುವುದು ಪ್ಯಾರಾಶೂಟಿನಿಂದ. ಪಂಖವು ಹಿಂಬದಿಯಲ್ಲಿದ್ದುದರಿಂದ, ಅದು ಸುತ್ತುತ್ತಿರುವಾಗಲೇ ಪ್ಯಾರಾಶೂಟು ಬಿಚ್ಚಿದರೆ ಹಗ್ಗಗಳು ಸಿಕ್ಕಿಕೊಳ್ಳುವ ಭಯ. ಆದಕಾರಣ ಇಲ್ಲಿ ಎಂಜಿನ್ನನ್ನು ಆಕಾಶದಲ್ಲಿಯೇ ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಗುರಿ ತಪ್ಪುವುದು. ತಡವಾದರೆ ಪ್ಯಾರಾಶೂಟು ಅರಳಲು ಎತ್ತರ ಸಾಲದು. ಅಂಗಳದ ವಿಮಾನಕ್ಕಿರುವ ಸಾವಧಾನ ಇದಕ್ಕಿಲ್ಲ. ಮುಂದೆ ಸೈನ್ಯಕ್ಕೆ ಕೊಟ್ಟ ನಾಲ್ಕು ನಿಶಾಂತಗಳೂ 2015ರ ನವೆಂಬರಿನೊಳಗೆ ಅಪಘಾತಗಳಲ್ಲಿ ನಷ್ಟವಾದುವು. ಗಾಲಿಯುಳ್ಳ 'ಪಂಛಿ' ಎಂಬ ಅದರ ತಮ್ಮನು 2014ರಲ್ಲಿ ಹಾರಿದ್ದನು.

ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದನು. "ಕೆರ್ಯಾಗ ಇಳದಾಗ ಎಂಜಿನ್ ಇನ್ನೂ ಬಿಸಿ ಇದ್ದಿರಬೇಕಲ್ರಿ?" ಎಂದನು. ಇದ್ದಿರಬೇಕೆಂದೆನು. "ಹಂಗಿದ್ರ ಅದನ್ನ ಮತ್ತ ಚಾಲೂ ಮಾಡೂಕಿಂತ ಮದ್ಲ ಬಿಚ್ಚಿ ನೋಡಬೇಕ್ರಿ" ಎಂದು ಹೇಳಿ, ಚಹಾ ಕುಡಿದು ಗ್ಯಾರೇಜಿಗೆ ಹೊರಟನು.