ಮತ್ತೆ ಬರುತ್ತಾ?

ಮುತ್ತಿನಕೊಪ್ಪದಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದಿದ್ದೀರಾ? ಫೈಲಿನಲ್ಲಿರೋ ಐ.ಎಚ್.ಸಿ. ರಿಪೋರ್ಟ್ (ಗಡ್ಡೆಯ ತುಣುಕಿನ ಪರೀಕ್ಷೆ) ತೆಗೀರಿ. ಇ.ಆರ್., ಪಿ.ಆರ್., ಹರ್-2 ಅಂತ ಮೂರು ಸಾಲು ಇರುತ್ತೆ.

ಮೂರೂ ನೆಗೆಟಿವ್ ಇದ್ರೆ ಟ್ರಿಪಲ್ ನೆಗೆಟಿವ್. ಮರುಕಳಿಸೋ ಅಪಾಯ ಮೊದಲ 3 ವರ್ಷ ಜಾಸ್ತಿ, 5 ವರ್ಷ ದಾಟಿದ್ರೆ ಬಹಳ ಇಳಿಯುತ್ತೆ. ಹರ್-2 ಪಾಸಿಟಿವ್ ಕೂಡ ಒಂದು ಕಾಲಕ್ಕೆ ಹೀಗೇ ಹೆದರಿಸ್ತಿತ್ತು. ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂದ್ಮೇಲೆ ಅಪಾಯ ತಗ್ಗಿತು.

ಜನ ಮೈಮರೆಯೋದು ಹಾರ್ಮೋನ್ ಪಾಸಿಟಿವ್, ಅಂದ್ರೆ ಇ.ಆರ್. ಅಥವಾ ಪಿ.ಆರ್. ಪಾಸಿಟಿವ್ ಇರೋ ವಿಷಯದಲ್ಲಿ. ಮರುಕಳಿಸೋಕೆ ಇದಕ್ಕೆ ಅವಸರವೇ ಇಲ್ಲ! 2017ರ ದೊಡ್ಡ ಅಧ್ಯಯನವೊಂದರಲ್ಲಿ 5 ವರ್ಷ ಹಾರ್ಮೋನ್ ತಡೆಯೋ ಚಿಕಿತ್ಸೆ ಮುಗಿಸಿದವರನ್ನ 20ನೇ ವರ್ಷದವರೆಗೂ ಗಮನಿಸಿದ್ರು. ಗಡ್ಡೆ ಚಿಕ್ಕದಿದ್ದು ಕಂಕುಳಿನ ಗಂಟಿಗೆ ಹರಡದಿದ್ರೂ ಶೇ. 13ರಷ್ಟು ಮಂದಿಗೆ ಕಾಯಿಲೆ ದೇಹದ ಬೇರೆ ಕಡೆ ಕಾಣಿಸಿತ್ತು. ಗಡ್ಡೆ ದೊಡ್ಡದಿದ್ದು 4ರಿಂದ 9 ಗಂಟಿಗೆ ಹರಡಿದ್ದವರಲ್ಲಿ ಶೇ. 41.

ಟಾಮಾಕ್ಸಿಫೆನ್, ಲೆಟ್ರೊಜೋಲ್ ಮಾತ್ರೆಗಳನ್ನ 5 ವರ್ಷ, ಕೆಲವರಿಗೆ 10 ವರ್ಷದವರೆಗೂ ಕೊಡೋದು ಇದಕ್ಕೇ. ‘ಆರಾಮಿದೀನಲ್ಲ, ಕೊನೆಕೊಯ್ಲು ಮುಗಿದ್ಮೇಲೆ ತಂದ್ರಾಯ್ತು’ ಅನ್ಬೇಡಿ. ಮೈ ಬಿಸಿಯೇರೋದು, ಕೀಲುನೋವು ಕಾಡಿದ್ರೆ ಡಾಕ್ಟರಿಗೆ ಹೇಳಿ. ಮಾತ್ರೆ ಬದಲಿಸೋಕೆ ದಾರಿ ಇದೆ.