ಮಳೆಗೆ ಮುಂಚೆ ಬೋರ್ಡೋ, ಕಳ್ಳನಿಗೆ ಮುಂಚೆ ಪ್ಯಾಚ್

ಬೀಗ ತಯಾರಿಸುವ ಕಂಪನಿಯೊಂದು ನಾಳೆ ಬೆಳಗ್ಗೆ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಜಾಹೀರಾತು ಕೊಡುತ್ತೆ ಅಂದುಕೊಳ್ಳಿ. 'ನಮ್ಮ ಇಂಥ ನಂಬರಿನ ಬೀಗದಲ್ಲಿ ದೋಷವಿದೆ. ಹೇರ್‌ಪಿನ್ ಹಾಕಿ ಎಡಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ದಯವಿಟ್ಟು ಅಂಗಡಿಗೆ ಬಂದು ಉಚಿತವಾಗಿ ಹೊಸದನ್ನು ಪಡೆಯಿರಿ.' ಇದನ್ನು ಮನೆ ಯಜಮಾನ ಓದ್ತಾನೋ ಇಲ್ವೋ, ಕಳ್ಳ ಮಾತ್ರ ತಪ್ಪದೆ ಓದುತ್ತಾನೆ.

ವೆಬ್ ಸರ್ವರ್ ಸಾಫ್ಟ್‌ವೇರ್‌ಗೆ ಬರುವ ಸೆಕ್ಯುರಿಟಿ ಅಪ್‌ಡೇಟ್ ಅಂದರೆ ಇದೇ ಜಾಹೀರಾತು. ರಿಪೇರಿಯೂ ಅದೇ, ಕಳ್ಳನಿಗೆ ಸುಳಿವೂ ಅದೇ. ಪ್ಯಾಚ್ ಹೊರಬಿದ್ದ ಗಳಿಗೆಯಿಂದ ನಿಮಗೂ ಅವನಿಗೂ ಓಟದ ಪಂದ್ಯ ಶುರು.

ಇದನ್ನೆಲ್ಲ ಬೆಂಗಳೂರಿನ ಐಟಿ ಕಂಪನಿಗಳಿಗೆ ಹೇಳಪ್ಪಾ, ಕಾಫಿ ತೋಟದವರಿಗೆ ಯಾಕೆ ಅಂತೀರಾ? ನೋಡಿ, ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸದ ತನಕ ಒಂದು ಸುತ್ತು ಹಾಕಿ. ತಿರುವು ತಿರುವಿಗೂ ಹೋಮ್‌ಸ್ಟೇ ಬೋರ್ಡು. ಎಷ್ಟೋ ಬೋರ್ಡಿನ ಕೆಳಗೆ ವೆಬ್‌ಸೈಟ್ ವಿಳಾಸ. ಬುಕಿಂಗ್ ಅಲ್ಲೇ, ಅಡ್ವಾನ್ಸ್ ಅಲ್ಲೇ, ಅತಿಥಿಗಳ ಆಧಾರ್ ಪ್ರತಿ ಕೂಡ ಕೆಲವು ಕಡೆ ಅಲ್ಲೇ. ಆ ವೆಬ್‌ಸೈಟ್ ಓಡುತ್ತಿರುವುದು ಎಲ್ಲೋ ಬಾಡಿಗೆಗೆ ಹಿಡಿದ ಒಂದು ಕಂಪ್ಯೂಟರಿನ ಮೇಲೆ. ಅದರೊಳಗೆ ಅಪಾಚೆ ಅಥವಾ ಎಂಜಿನ್‌ಎಕ್ಸ್ ಎಂಬ ಸರ್ವರ್ ಸಾಫ್ಟ್‌ವೇರ್. ಕೊನೆಯ ಸಲ ಅದನ್ನು ಅಪ್‌ಡೇಟ್ ಮಾಡಿದ್ದು ಯಾವಾಗ ಅಂತ ಕೇಳಿದರೆ ತೋಟದ ಯಜಮಾನರು ನನ್ನ ಮುಖ ನೋಡ್ತಾರೆ. 'ನಮ್ಮ ಹತ್ರ ಕದಿಯೋಕೆ ಏನಿದೆ ಸಾರ್?'

ಸ್ವಾಮಿ, ಬರೋನು ಮನುಷ್ಯನೇ ಅಲ್ಲ. ಇಂಟರ್ನೆಟ್‌ನ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುವ ಪ್ರೋಗ್ರಾಂ. ಅದಕ್ಕೆ ಚಿಕ್ಕಮಗಳೂರೂ ಒಂದೇ, ಚಿಕಾಗೋನೂ ಒಂದೇ. ಬಾಗಿಲು ತೆರೆದರೆ ನಿಮ್ಮ ಸರ್ವರ್‌ನಿಂದ ಸ್ಪ್ಯಾಮ್ ಕಳಿಸುತ್ತೆ, ಬ್ಯಾಂಕಿನ ನಕಲಿ ಪುಟ ಇಡುತ್ತೆ, ಜೂಜಿನ ಜಾಹೀರಾತು ತುಂಬುತ್ತೆ. ಪೊಲೀಸರು ಹುಡುಕಿಕೊಂಡು ಬಂದಾಗ ಸಿಗುವುದು ನಿಮ್ಮ ಹೆಸರು.

ಅಮೆರಿಕದ ಈಕ್ವಿಫ್ಯಾಕ್ಸ್ ಕತೆ ಇಲ್ಲಿ ಹೇಳಲೇಬೇಕು. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ದೈತ್ಯ ಕಂಪನಿ ಅದು. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಸಾಫ್ಟ್‌ವೇರ್‌ಗೆ ಪ್ಯಾಚ್ ಬಂತು. ಮೂರೇ ದಿನಕ್ಕೆ, ಮಾರ್ಚ್ 10ಕ್ಕೆ, ಕಂಪನಿಯ ಒಂದು ಸರ್ವರ್‌ನಲ್ಲಿ ಆ ಕಿಂಡಿ ಇನ್ನೂ ಮುಚ್ಚಿಲ್ಲ ಎಂದು ಕಳ್ಳರು ಪತ್ತೆ ಹಚ್ಚಿದ್ದರು. ಮೇ ತಿಂಗಳಲ್ಲಿ ಮಾಹಿತಿ ಸಾಗಿಸಲು ಶುರು. ಕಂಪನಿಗೆ ಗೊತ್ತಾಗಿದ್ದು ಜುಲೈ ಕೊನೆಗೆ! ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಅಂದರೆ ಇಡೀ ಕರ್ನಾಟಕದ ಜನಸಂಖ್ಯೆಯ ಎರಡು ಪಟ್ಟು. ರಿಪೇರಿ ಇರಲಿಲ್ಲವಾ? ಇತ್ತು. ಪುಕ್ಕಟೆ ಇತ್ತು. ಹಾಕಬೇಕಾದ ಜಾಗಕ್ಕೆ ಹಾಕಲಿಲ್ಲ, ಅಷ್ಟೇ.

ಮಲೆನಾಡಿನವರಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕಾಫಿ ಗಿಡಕ್ಕೆ ಯಾವಾಗ ಹೊಡೀತೀರಿ? ಮುಂಗಾರಿಗೆ ಮುಂಚೆ. ಜಡಿಮಳೆ ಹಿಡಿದು ಎಲೆ ಹಿಂದೆ ಕಿತ್ತಳೆ ಬಣ್ಣದ ತುಕ್ಕು ಕಾಣಿಸಿದ ಮೇಲೆ ಹೊಡೆದರೆ ಉದುರಿದ ಎಲೆ ವಾಪಸ್ ಬರಲ್ಲ.

ಆದರೆ ಯಜಮಾನರ ಇನ್ನೊಂದು ತಕರಾರಿದೆ. ಅದನ್ನು ನಾನು ತಳ್ಳಿಹಾಕಲ್ಲ. 'ಅಪ್‌ಡೇಟ್ ಮಾಡಿದರೆ ಇರೋದೂ ಕೆಡುತ್ತೆ.' ಕೆಡಬಹುದು. 2021ರ ಸೆಪ್ಟೆಂಬರ್‌ನಲ್ಲಿ ಅಪಾಚೆ ವೆಬ್ ಸರ್ವರ್‌ನ 2.4.49 ಆವೃತ್ತಿ ಬಂತು. ದೋಷ ಇದ್ದದ್ದು ಆ ಹೊಸ ಆವೃತ್ತಿಯಲ್ಲೇ! ಕೆಲವು ಸೆಟ್ಟಿಂಗ್ ಸಡಿಲವಾಗಿದ್ದ ಕಡೆ ಹೊರಗಿನವರು ಸರ್ವರ್‌ನೊಳಗಿನ ಕಡತಗಳನ್ನು ಓದಬಹುದಿತ್ತು. ಅಕ್ಟೋಬರ್ 4ಕ್ಕೆ 2.4.50 ಬಿಟ್ಟರು. ರಿಪೇರಿ ಅರ್ಧಂಬರ್ಧ. ಅಕ್ಟೋಬರ್ 7ಕ್ಕೆ 2.4.51. ವಾರದೊಳಗೆ ಎರಡು ಸಲ ತೇಪೆ. ಹಳೇ ಆವೃತ್ತಿಯಲ್ಲಿ ಕೂತಿದ್ದವರು ಈ ಒಂದು ದೋಷದಿಂದ ಬಚಾವ್. ಹಾಗಂತ ಕೂತೇ ಇರಬಹುದಾ? ಹಳೆಯದರಲ್ಲಿ ಬೇರೆ ದೋಷಗಳಿದ್ದವು, ಅವೂ ಜಗಜ್ಜಾಹೀರಾಗಿದ್ದವು. ಕಾಫಿಯಲ್ಲೂ ಹೀಗೇ ಆಯ್ತಲ್ಲ. ಕೆಂಟ್ಸ್ ತಳಿ ತುಕ್ಕು ರೋಗವನ್ನು ತಡೆಯುತ್ತೆ ಅಂತ ನಂಬಿ ನೆಟ್ಟರು, ರೋಗ ವೇಷ ಬದಲಿಸಿತು, ಆಮೇಲೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಎಸ್.795 ಬಂತು. ಯಾರಾದರೂ ಕಾಫಿ ಬೆಳೆಯೋದು ಬಿಟ್ಟರಾ?

ಮಧ್ಯದ ದಾರಿ ಒಂದಿದೆ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ತಂಡಗಳು ಹೊಸ ಸೌಲಭ್ಯಗಳನ್ನು ತುರುಕದೆ, ಬರೀ ಭದ್ರತೆಯ ರಿಪೇರಿಯನ್ನಷ್ಟೇ ಹಳೇ ಆವೃತ್ತಿಗೆ ಹೊಲಿದು ಕೊಡುತ್ತವೆ. ಹಾಗಾಗಿ ಸೈಟ್ ಮುರಿಯುವ ಅಪಾಯ ಬಹಳ ಕಡಿಮೆ. ಇದು ತಾನಾಗಿಯೇ ನಡೆಯುವಂತೆ ಇಡುವ ವ್ಯವಸ್ಥೆಯೂ ಇದೆ. ಸಣ್ಣ ಹೋಮ್‌ಸ್ಟೇಗೆ ಅದೇ ಸಾಕು, ಜೊತೆಗೆ ಒಂದು ಬ್ಯಾಕಪ್, ಅದೂ ಬೇರೆ ಕಡೆ ಇಟ್ಟದ್ದು.

ಎಂಜಿನಿಯರಿಂಗ್ ಓದಿದ ಹುಡುಗರೂ ಎಡವುವ ಎರಡು ಜಾಗ ಹೇಳ್ತೀನಿ. ಉಬುಂಟುವಿನಲ್ಲಿ 'ಆಪ್ಟ್ ಅಪ್‌ಡೇಟ್' ಅಂತ ಆದೇಶ ಕೊಟ್ಟರೆ ಏನೂ ರಿಪೇರಿ ಆಗಲ್ಲ. ಯಾವ್ಯಾವುದು ಹೊಸದು ಬಂದಿದೆ ಅನ್ನುವ ಪಟ್ಟಿ ಮಾತ್ರ ಬರುತ್ತೆ. ಸಾಮಾನು ಬರೋದು 'ಆಪ್ಟ್ ಅಪ್‌ಗ್ರೇಡ್' ಅಂದಾಗ. ಇನ್ನೊಂದು, 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಬಂದಾಗ ಎಲ್ಲರಿಗೂ ಪಾಠ ಕಲಿಸಿದ್ದು. ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ಸಾಫ್ಟ್‌ವೇರ್‌ನ ದೋಷ ಅದು. ಡಿಸ್ಕ್‌ನಲ್ಲಿರುವ ಕಡತ ಬದಲಾದರೆ ಸಾಲದು. ಓಡುತ್ತಿರುವ ಸರ್ವರ್ ತನ್ನ ಮೆಮೊರಿಯಲ್ಲಿ ಹಳೆಯದನ್ನೇ ಹಿಡಿದುಕೊಂಡಿರುತ್ತೆ. ರೀಸ್ಟಾರ್ಟ್ ಮಾಡುವ ತನಕ ರೋಗ ಹಾಗೇ. ಹಾರ್ಟ್‌ಬ್ಲೀಡ್‌ನಲ್ಲಂತೂ ಸರ್ವರ್‌ನ ರಹಸ್ಯ ಕೀಲಿಯೇ ಸೋರಿರಬಹುದು ಎಂದು ಸರ್ಟಿಫಿಕೇಟ್‌ಗಳನ್ನೂ ಬದಲಿಸಬೇಕಾಯಿತು.

ತಡವಾಗಿ ಪ್ಯಾಚ್ ಹಾಕಿ ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ಬಿಳಿ ಕಾಂಡಕೊರಕ ನೆನಪಾಗುತ್ತೆ. ಅರೇಬಿಕಾ ಬೆಳೆದವರಿಗೆ ಆ ಹುಳದ ಪರಿಚಯ ಬೇಕಿಲ್ಲ. ಕಾಂಡದೊಳಗೆ ತಿಂಗಳುಗಟ್ಟಲೆ ಕೂತು ತಿನ್ನುತ್ತೆ. ಆಮೇಲೆ ಹೊರಗಿನಿಂದ ಏನು ಬಳಿದರೂ ಒಳಗಿನ ಹುಳ ಸಾಯಲ್ಲ. ಉಬ್ಬು ಗೆರೆ ಹುಡುಕಿ, ಗಿಡ ಕಿತ್ತು, ಸುಡಲೇಬೇಕು. ಸರ್ವರ್‌ಗೂ ಅಷ್ಟೇ. ಕಳ್ಳ ಈಗಾಗಲೇ ಒಳಗೆ ಬಂದು ತನ್ನದೊಂದು ಗುಟ್ಟಿನ ಕಡತ ಇಟ್ಟಿದ್ದರೆ, ಪ್ಯಾಚ್ ಹೊರಬಾಗಿಲು ಮುಚ್ಚುತ್ತೆ, ಅವನು ಒಳಗೇ ಇರುತ್ತಾನೆ. ಅಂಥಾ ಯಂತ್ರವನ್ನು ಒರೆಸಿ, ಶುದ್ಧ ಬ್ಯಾಕಪ್‌ನಿಂದ ಮತ್ತೆ ಕಟ್ಟುವುದೇ ದಾರಿ. ಪಾಸ್‌ವರ್ಡ್‌ಗಳೂ ಹೊಸವು. ಜೊತೆಗೆ, ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು ಅನ್ನುವ ಕೇಂದ್ರ ಸರ್ಕಾರದ ಆದೇಶ 2022ರ ಏಪ್ರಿಲ್‌ನಲ್ಲೇ ಬಂದಿದೆ.

ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ನೆನಪಿದೆಯಲ್ಲ? 2019ರಲ್ಲಿ ಹ್ಯಾಕ್ ಮಾಡಿ, ಗುತ್ತಿಗೆದಾರರು ಟೆಂಡರ್‌ಗೆ ಕಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಿದರು. ಅದನ್ನು ಪ್ಯಾಚ್‌ನ ಕತೆ ಅಂತ ಹೇಳುತ್ತಿಲ್ಲ ನಾನು. ವೆಬ್‌ಸೈಟ್ ಅನ್ನೋದು ಬರೀ ಫೋಟೊ ಹಾಕುವ ಗೋಡೆಯಲ್ಲ, ಗಲ್ಲಾಪೆಟ್ಟಿಗೆ ಅಂತ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಇವತ್ತೇ ಫೋನ್ ಮಾಡಿ. ಸರ್ವರ್‌ನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಅಂತ ಕೇಳಿ. ಸೆಂಟ್‌ಓಎಸ್ 7 ಅಂದರೆ, 2024ರ ಜೂನ್ 30ಕ್ಕೇ ಅದರ ಆಯಸ್ಸು ಮುಗಿದಿದೆ. ಅದನ್ನು ಮಾಡಿದವರಿಂದ ಇನ್ನು ಪ್ಯಾಚ್ ಬರಲ್ಲ, ಮನೆ ಬದಲಿಸಲೇಬೇಕು. ವರ್ಷದ ನಿರ್ವಹಣೆಗೆ ಅಂತ ಅವನಿಗೆ ದುಡ್ಡು ಕೊಡಿ. ಒಂದು ಸಲ ಕಟ್ಟಿಸಿಕೊಂಡು, ಐದು ವರ್ಷ ಪುಕ್ಕಟೆ ನೋಡ್ಕೋ ಅಂದರೆ ಅವನಾದರೂ ಯಾಕೆ ನೋಡ್ತಾನೆ? ಕೊನೆಗೆ, ಸರ್ವರ್‌ನ ಲಾಗಿನ್ ಯಾರ ಹೆಸರಲ್ಲಿದೆ ಅಂತ ಕೇಳಿ. ಅವನ ಹೆಸರಲ್ಲಿದ್ದರೆ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ತೋಟದ ಪಹಣಿ ಮೇಸ್ತ್ರಿ ಹೆಸರಲ್ಲಿ ಇಡ್ತೀರಾ?