ಅಡಿಗವಚ: ಮನೆಯ ಕಾರಿನ ಕಾಣದ ಮಗ್ಗುಲು

ಮುಂದಿನ ಚಕ್ರಗಳೇ ಎಳೆಯುವ ಇಂದಿನ ಸಾಧಾರಣ ಕುಟುಂಬ ಕಾರಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಬಾನೆಟ್ಟಿನ ಕೆಳಗೆ ಅಡ್ಡಲಾಗಿ ಕೂತಿರುತ್ತವೆ. ಅವೆರಡರ ತಳಕ್ಕೂ ರಸ್ತೆಗೂ ನಡುವೆ ಉಳಿಯುವ ಅಂತರ ಒಂದು ಗೇಣಿಗಿಂತ ಕಡಿಮೆ. ಆ ತಳದಲ್ಲಿ ಎಂಜಿನ್ ಆಯಿಲ್ ಬಂದು ಶೇಖರವಾಗುವ ಪಾತ್ರೆಯೊಂದಿದ್ದು, ಅದನ್ನು ಕೈಪಿಡಿಗಳಲ್ಲಿ ಆಯಿಲ್ ಸಂಪ್ ಎಂದೂ ಗ್ಯಾರೇಜುಗಳಲ್ಲಿ ಚೇಂಬರ್ ಎಂದೂ ಕರೆಯುತ್ತಾರೆ. ಈ ಚೇಂಬರಿಗೂ ಅದರ ಮಗ್ಗುಲಿನ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಹೊದಿಕೆಗೂ ಕಲ್ಲು, ಹಂಪ್ಸ್, ಕಿತ್ತುಹೋದ ಡಾಂಬರಿನ ಅಂಚು ಬಡಿಯದಂತೆ ಕೆಳಗಿನಿಂದ ಬಿಗಿಯುವ ಲೋಹದ ಹಲಗೆಯೇ ಅಡಿಗವಚ. ಬಿಡಿಭಾಗದ ಅಂಗಡಿಗಳಲ್ಲಿ ಎಂಜಿನ್ ಗಾರ್ಡ್ ಅಥವಾ ಸ್ಕಿಡ್ ಪ್ಲೇಟ್ ಎಂದು ಕೇಳಿದರೆ ಸಿಗುವುದು ಇದೇ. ಚಿಕ್ಕಮಗಳೂರಿನ ಕಾಫಿತೋಟದ ಮಣ್ಣುದಾರಿಗಳಲ್ಲಿ ಓಡುವ ರ‍್ಯಾಲಿ ಕಾರುಗಳಿಗೆ ಇದಿಲ್ಲದೆ ನಡೆಯದು. ಶಾಲೆ, ಸಂತೆ, ಮದುವೆಮನೆಗಳ ನಡುವೆ ಓಡಾಡುವ ಮನೆಯ ಕಾರಿಗೆ ಇದು ಬೇಕೇ ಎಂಬುದು ಕಾರಿಗಿಂತ ಹೆಚ್ಚಾಗಿ ಅದು ದಿನವೂ ತುಳಿಯುವ ರಸ್ತೆಯನ್ನು ಅವಲಂಬಿಸಿದ ಪ್ರಶ್ನೆ.

ರಸ್ತೆಯ ಲೆಕ್ಕವನ್ನು ಅಂಕಿಗಳಲ್ಲೇ ನೋಡಬಹುದು. ಕಾರಿನ ಅತ್ಯಂತ ಕೆಳಗಿನ ಬಿಂದುವಿಗೂ ನೆಲಕ್ಕೂ ಇರುವ ಅಂತರವನ್ನು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಬಹಳ ಮನೆಗಳಲ್ಲಿರುವ ಮಾರುತಿ ಸ್ವಿಫ್ಟ್ ಕಾರಿನಲ್ಲಿ ಅದು 163 ಮಿಲಿಮೀಟರ್, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2,450 ಮಿಲಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ಮಾರ್ಗಸೂಚಿಯಲ್ಲಿ ಹೇಳಿದಂತೆ 17 ಮೀಟರ್ ತ್ರಿಜ್ಯದಲ್ಲಿ ಬಾಗಿ, 3.7 ಮೀಟರ್ ಅಗಲಕ್ಕೆ ಹರಡಿ, ನಡುವೆ 10 ಸೆಂಟಿಮೀಟರ್ ಎತ್ತರವಿರುವ ಹಂಪ್ಸ್ ಮೇಲೆ ಇಂಥ ಕಾರು ಏರಿದಾಗ ನಾಲ್ಕೂ ಚಕ್ರಗಳು ಆ ಬಾಗಿನ ಮೇಲೆಯೇ ಇರುವುದರಿಂದ ನಡುಭಾಗದಲ್ಲಿ ಕಳೆದುಹೋಗುವ ಅಂತರ ಸುಮಾರು 44 ಮಿಲಿಮೀಟರ್ ಮಾತ್ರ. ಊರವರ ಒತ್ತಾಯಕ್ಕೆ ರಾತ್ರೋರಾತ್ರಿ ಎದ್ದು ನಿಲ್ಲುವ, ಎರಡಡಿ ಅಗಲ ಅರ್ಧ ಅಡಿ ಎತ್ತರದ ಹಂಪ್ಸ್ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ: ಮುಂದಿನ ಚಕ್ರ ಆಚೆ ಇಳಿದು ಹಿಂದಿನದು ಈಚೆ ಉಳಿದಾಗ ದಿಣ್ಣೆಯ ಪೂರ್ತಿ 150 ಮಿಲಿಮೀಟರ್ ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ, ಐವರು ಕೂತು ಡಿಕ್ಕಿಯಲ್ಲಿ ಅಕ್ಕಿಮೂಟೆಯೂ ಇದ್ದರೆ ಸ್ಪ್ರಿಂಗುಗಳು ಮೂರು ನಾಲ್ಕು ಸೆಂಟಿಮೀಟರ್ ಕುಗ್ಗಿರುತ್ತವೆ, ಆಗ ಉಜ್ಜದೆ ದಾಟಲು ದಾರಿಯೇ ಇಲ್ಲ. ಚಾಲಕರು ಗಮನಿಸದ ಇನ್ನೊಂದು ಸಂಗತಿಯೂ ಇಲ್ಲಿ ಸೇರುತ್ತದೆ. ಹಂಪ್ಸ್ ಏರುವಾಗಲೂ ಬ್ರೇಕ್ ಒತ್ತಿಯೇ ಇದ್ದರೆ ಕಾರಿನ ಮೂತಿ ಕೆಳಕ್ಕೆ ಬಾಗಿ ಚೇಂಬರ್ ಇನ್ನಷ್ಟು ತಗ್ಗುತ್ತದೆ. ಮೊದಲೇ ವೇಗ ತಗ್ಗಿಸಿ, ಚಕ್ರ ದಿಣ್ಣೆಗೆ ತಾಗುವ ಮುನ್ನ ಬ್ರೇಕಿನಿಂದ ಕಾಲು ತೆಗೆಯುವ ಅಭ್ಯಾಸ ಎಷ್ಟೋ ಪೆಟ್ಟುಗಳನ್ನು ಯಾವ ಖರ್ಚೂ ಇಲ್ಲದೆ ತಪ್ಪಿಸುತ್ತದೆ.

ಚೇಂಬರಿಗೆ ಬೀಳುವ ಪೆಟ್ಟು ಎರಡು ಬಗೆಯದು, ಅವುಗಳಲ್ಲಿ ಸಣ್ಣದಾಗಿ ಕಾಣುವುದೇ ಹೆಚ್ಚು ಮೋಸದ್ದು. ಎರಕದ ಅಲ್ಯೂಮಿನಿಯಂ ಚೇಂಬರು ಬಿರುಕುಬಿಟ್ಟು ಆಯಿಲ್ ಸುರಿದರೆ ರಸ್ತೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ, ಯಾರಾದರೂ ಕೂಗಿ ಹೇಳುತ್ತಾರೆ. ಉಕ್ಕಿನ ತಗಡಿನ ಚೇಂಬರು ಒಡೆಯದೆ ಒಳಕ್ಕೆ ನುಗ್ಗಿದಾಗ ಒಂದು ಹನಿಯೂ ಸೋರುವುದಿಲ್ಲ. ಆದರೆ ಆಯಿಲ್ ಪಂಪಿಗೆ ಎಣ್ಣೆಯನ್ನು ಹೀರಿಕೊಡುವ ಜಾಲರಿ ಚೇಂಬರಿನ ತಳದಿಂದ ಕೆಲವೇ ಮಿಲಿಮೀಟರ್ ಮೇಲಿರುವುದರಿಂದ, ನುಗ್ಗಿದ ತಗಡು ಅದರ ಬಾಯಿಗೆ ಅಡ್ಡವಾದರೆ, ಚೇಂಬರಿನ ತುಂಬ ಎಣ್ಣೆಯಿದ್ದೂ ಮೇಲಿನ ಬೇರಿಂಗುಗಳು ಒಣಗುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿದರೆ, ಮುಂದಿನ ಊರಿನವರೆಗೂ ಹೋಗಿಬಿಡೋಣ ಎನ್ನದೆ, ಅಲ್ಲೇ ಎಂಜಿನ್ ನಿಲ್ಲಿಸಬೇಕಾದದ್ದು ಇದಕ್ಕಾಗಿಯೇ. ವಿಮೆಯ ದೃಷ್ಟಿಯಿಂದಲೂ ಈ ಗಳಿಗೆ ನಿರ್ಣಾಯಕ: ಕಲ್ಲು ಬಡಿದು ಚೇಂಬರ್ ಒಡೆದದ್ದನ್ನು ಸಮಗ್ರ ವಿಮೆ ಸಾಮಾನ್ಯವಾಗಿ ಅಪಘಾತದ ಹಾನಿಯೆಂದು ಒಪ್ಪುತ್ತದೆ, ಒಡೆದ ಮೇಲೂ ಓಡಿಸಿದ್ದರಿಂದ ಎಂಜಿನ್ ಸೀಜ್ ಆದದ್ದನ್ನು ತರುವಾಯದ ಹಾನಿಯೆಂದು ಬೇರ್ಪಡಿಸಿ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದವರಿಗೆ ಬಹುತೇಕ ನಿರಾಕರಿಸುತ್ತದೆ.

ಕಂಪನಿಯಿಂದಲೇ ಬರುವ ಪ್ಲಾಸ್ಟಿಕ್ ಹೊದಿಕೆಯನ್ನು ಕೆಲವರು ಕವಚವೆಂದು ಭಾವಿಸುತ್ತಾರೆ. ಅದು ಕೆಸರಿನ ಎರಚಲನ್ನು ತಡೆಯಲು ಮತ್ತು ಗಾಳಿಯ ಹರಿವನ್ನು ತಿದ್ದಲು ಇರುವಂಥದು, ಕಲ್ಲಿನ ಪೆಟ್ಟಿಗೆ ಅದು ಆಗಿಬರುವುದಿಲ್ಲ. ನಿಜವಾದ ಕವಚಕ್ಕೆ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಉಕ್ಕು, ಅಲ್ಯೂಮಿನಿಯಂ ಎಂಬ ಎರಡು ಆಯ್ಕೆಗಳಿವೆ. 70 ಸೆಂಟಿಮೀಟರ್ ಉದ್ದ 60 ಸೆಂಟಿಮೀಟರ್ ಅಗಲದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆ ಸುಮಾರು 10 ಕಿಲೋ ತೂಗಿದರೆ, ಅದೇ ಅಳತೆಯ 5 ಮಿಲಿಮೀಟರ್ ಅಲ್ಯೂಮಿನಿಯಂ ಹಲಗೆ 6 ಕಿಲೋವನ್ನೂ ದಾಟುವುದಿಲ್ಲ. ಹಲಗೆಯ ಬಾಗದಿರುವ ಗುಣ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಹಗುರವಾದ ಆ ಅಲ್ಯೂಮಿನಿಯಂ ಹಲಗೆಯೇ ಉಕ್ಕಿನದಕ್ಕಿಂತ ಕಡಿಮೆ ಬಾಗುತ್ತದೆ ಎಂಬುದು ಮೊದಲ ನೋಟಕ್ಕೆ ನಂಬಲಾಗದಿದ್ದರೂ ಲೆಕ್ಕದಲ್ಲಿ ಸರಿಯಾಗಿಯೇ ಬರುತ್ತದೆ. ಮೊನಚು ಕಲ್ಲಿನಿಂದ ಗುಳಿ ಬೀಳದಂತೆ ತಾಳುವುದರಲ್ಲಿ ಮಾತ್ರ ಅದು ಹಿಂದೆ. ಕರಾವಳಿಯವರು ಇನ್ನೊಂದನ್ನು ನೆನಪಿಡಬೇಕು. ಅಲ್ಯೂಮಿನಿಯಂ ಹಲಗೆಯನ್ನು ಉಕ್ಕಿನ ಬೋಲ್ಟಿನಿಂದ ನೇರವಾಗಿ ಬಿಗಿದಾಗ ಉಪ್ಪುನೀರಿನ ತೇವದಲ್ಲಿ ಆ ಎರಡು ಲೋಹಗಳ ನಡುವೆ ಬ್ಯಾಟರಿಯೊಳಗೆ ನಡೆಯುವಂಥದೇ ಕ್ರಿಯೆ ಹುಟ್ಟಿ, ರಂಧ್ರದ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಹಾಕಿದರೆ ಈ ತೊಂದರೆ ತಗ್ಗುತ್ತದೆ.

ಕವಚ ಎಷ್ಟೇ ಗಟ್ಟಿಯಿರಲಿ, ಪೆಟ್ಟಿನ ಭಾರವನ್ನು ಅದು ಎಲ್ಲಿಗೆ ಸಾಗಿಸುತ್ತದೆ ಎಂಬುದೇ ಅದರ ಯೋಗ್ಯತೆಯನ್ನು ತೀರ್ಮಾನಿಸುತ್ತದೆ. ಎಂಜಿನ್ನಿನ ಕೆಳಗೆ ಚೌಕಟ್ಟಿನಂತಿದ್ದು ಲೋವರ್ ಆರ್ಮುಗಳನ್ನು ಹಿಡಿದಿರುವ ಸಬ್‌ಫ್ರೇಮು, ಅದರ ಮುಂದಿನ ಅಡ್ಡತೊಲೆ ಮತ್ತು ಛಾಸಿಯ ಉದ್ದತೊಲೆಗಳು ಭಾರ ಹೊರಲೆಂದೇ ಮಾಡಿದವು. ಅಲ್ಲಿರುವ ರಂಧ್ರಗಳಿಗೆ ಬೋಲ್ಟ್ ಹಾಕಬೇಕೇ ಹೊರತು ಚೇಂಬರಿಗಾಗಲಿ ಗೇರ್‌ಬಾಕ್ಸಿಗಾಗಲಿ ಕವಚವನ್ನು ಜೋತುಹಾಕಬಾರದು. ವೆಲ್ಡಿಂಗಂತೂ ಸಲ್ಲದು, ಏಕೆಂದರೆ ಆ ಶಾಖಕ್ಕೆ ತಗಡಿನ ಒಳಮೈಯ ತುಕ್ಕುನಿರೋಧಕ ಲೇಪ ಸುಟ್ಟು, ಹೊರಗೆ ಬಣ್ಣ ಬಳಿದರೂ ಒಳಗಿನಿಂದ ತುಕ್ಕು ಹತ್ತುತ್ತದೆ.

ಬಲ್ಲ ಮೆಕ್ಯಾನಿಕ್ ಈ ಕೆಲಸ ಮಾಡುವ ಕ್ರಮ ನೋಡುವಂಥದು. ಕಾರನ್ನು ಲಿಫ್ಟಿಗೆ ಏರಿಸಿ ಅಥವಾ ಪಿಟ್ಟಿನ ಮೇಲೆ ನಿಲ್ಲಿಸಿ (ಬರೀ ಜಾಕಿಯ ಆಸರೆಯಲ್ಲಿರುವ ಕಾರಿನ ಕೆಳಗೆ ನುಸುಳುವುದು ಪ್ರಾಣಕ್ಕೇ ಅಪಾಯ) ಅವನು ಮೊದಲು ಹಳೆಯ ಹೊದಿಕೆಯನ್ನು ಬಿಚ್ಚಿ, ಬೋಲ್ಟಿನ ಮರೆಗಳಲ್ಲಿ, ಅಂದರೆ ಥ್ರೆಡ್ಡುಗಳಲ್ಲಿ, ಗಟ್ಟಿಕಟ್ಟಿದ ಮಣ್ಣನ್ನು ತಂತಿಬ್ರಷ್ಷಿನಿಂದ ಕೆರೆದು ತೆಗೆಯುತ್ತಾನೆ. ಆಮೇಲೆ ಹಲಗೆಯನ್ನು ಸಹಾಯಕ ಎತ್ತಿಹಿಡಿದಿರುವಾಗ ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ಎರಡು ಮೂರು ಸುತ್ತು ಮಾತ್ರ ತಿರುಗಿಸಿ ಹಿಡಿಸುತ್ತಾನೆ. ಒಂದನ್ನೇ ಪೂರ್ತಿ ಬಿಗಿದರೆ ಉಳಿದ ರಂಧ್ರಗಳು ಸರಿಹೊಂದದೆ ಮರೆ ಕೆಡುತ್ತದೆ. ಹಲಗೆಗೂ ಚೇಂಬರಿಗೂ ನಡುವೆ ಒಂದೂವರೆ ಎರಡು ಬೆರಳು ಜಾಗ ಇರಬೇಕು, ಏಕೆಂದರೆ ಎಂಜಿನ್ ತನ್ನ ರಬ್ಬರ್ ಮೌಂಟಿಂಗುಗಳ ಮೇಲೆ ಸದಾ ತೂಗುತ್ತಿರುತ್ತದೆ, ಹಲಗೆಯೂ ಪೆಟ್ಟಿಗೆ ತುಸು ಮೇಲೇಳುತ್ತದೆ. ಹಲಗೆಯ ಮುಂದಿನ ಅಂಚು ಮೇಲ್ಮುಖವಾಗಿ ಬಾಗಿದ್ದರೆ ಕಲ್ಲಿನ ಮೇಲೆ ಜಾರುತ್ತದೆ, ಚಪ್ಪಟೆಯಾಗಿದ್ದರೆ ಅದೇ ಅಂಚು ಕಲ್ಲಿಗೆ ಕೊಂಡಿಯಂತೆ ಸಿಕ್ಕಿಕೊಳ್ಳುತ್ತದೆ. ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಎಲ್ಲೂ ಉಜ್ಜುತ್ತಿಲ್ಲವೆಂದು ಖಚಿತವಾದ ಮೇಲೆ, ಟಾರ್ಕ್ ವ್ರೆಂಚ್ ಎಂಬ ಅಳತೆಯ ಸ್ಪ್ಯಾನರಿನಿಂದ ಬಿಗಿದು, ಬೋಲ್ಟಿನ ತಲೆಯಿಂದ ಹಲಗೆಯವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯುತ್ತಾನೆ. ಮುಂದೊಮ್ಮೆ ಆ ಗೆರೆ ಮುರಿದು ಕಂಡರೆ ಬೋಲ್ಟು ಸಡಿಲಗೊಂಡಿದೆಯೆಂದು ಮುಟ್ಟದೆಯೇ ತಿಳಿಯುತ್ತದೆ.

ಕವಚದಿಂದ ಆಗುವ ನಷ್ಟಗಳನ್ನು ಮಾರುವವರು ಹೇಳುವುದಿಲ್ಲ. ಮೊದಲನೆಯದಾಗಿ, ರಕ್ಷಣೆಗಾಗಿ ಹಾಕಿದ ಹಲಗೆಯೇ ಗ್ರೌಂಡ್ ಕ್ಲಿಯರೆನ್ಸಿನಲ್ಲಿ ಒಂದೆರಡು ಸೆಂಟಿಮೀಟರ್ ತಿಂದುಹಾಕುತ್ತದೆ. ರೇಡಿಯೇಟರನ್ನು ಹಾದುಬಂದ ಬಿಸಿಗಾಳಿ ಹೊರಬೀಳುವುದು ಬಹುಪಾಲು ಎಂಜಿನ್ನಿನ ಅಡಿಯಿಂದಲೇ ಆದ್ದರಿಂದ, ಗಾಳಿಕಿಂಡಿಗಳಿಲ್ಲದ ಹಲಗೆ ಹಾಕಿದ ಕಾರು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಬಿಸಿಯಾಗುವ ಸಂಭವ ಹೆಚ್ಚು. ಬಲವಾದ ಮುಖಾಮುಖಿ ಡಿಕ್ಕಿಯಲ್ಲಿ ಎಂಜಿನ್ ಪ್ರಯಾಣಿಕರತ್ತ ನುಗ್ಗದೆ ಕೆಳಕ್ಕೆ ಜಾರುವಂತೆ ಎಷ್ಟೋ ಕಾರುಗಳನ್ನು ರೂಪಿಸಿರುತ್ತಾರೆ. ಆ ದಾರಿಗೆ ಅಡ್ಡವಾಗುವಂತೆ ಅತಿ ದಪ್ಪದ ಹಲಗೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದಕ್ಕಿಂತ ಆಯಾ ಮಾದರಿಗೆಂದೇ ತಯಾರಾದದ್ದನ್ನು ಕೊಳ್ಳುವುದು ವಾಸಿ. ಬಂಪರಿನ ಮುಂದೆ ಕಟ್ಟುವ ಬುಲ್ ಗಾರ್ಡನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು. ಪಾದಚಾರಿಗಳಿಗೂ ಕಾರಿನೊಳಗಿರುವವರಿಗೂ ಅಪಾಯಕರವೆಂಬ ಕಾರಣಕ್ಕೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದ ಮೇಲೆ ಬುಲ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ವಿದ್ಯುತ್ ಕಾರಿನ ಅಡಿಯಲ್ಲಿ ಬ್ಯಾಟರಿಯೇ ಇರುವುದರಿಂದ ಕಂಪನಿಯ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ರಂಧ್ರವನ್ನೂ ಕೊರೆಸಬಾರದು.

ಇವೆಲ್ಲಕ್ಕಿಂತ ದೊಡ್ಡ ನಷ್ಟ, ಕವಚ ಹಾಕಿದೊಡನೆ ಕಾರಿನ ಅಡಿಭಾಗ ಕಣ್ಣಿಗೆ ಮರೆಯಾಗುವುದು. ಹನಿಹನಿಯಾಗಿ ಸೋರುವ ಎಣ್ಣೆ ಮನೆಯಂಗಳದ ನೆಲಕ್ಕೆ ಬೀಳದೆ ಹಲಗೆಯ ಮೇಲೆ ಕೂರುತ್ತದೆ. ಒಣಗಿದ ಎಲೆ, ಹುಲ್ಲು ಅದರೊಂದಿಗೆ ಸೇರಿ ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿಗೆ ಕಾರಣವಾಗಬಹುದು. ಮಲೆನಾಡಿನ ಕೊಟ್ಟಿಗೆಯಂಥ ಶೆಡ್ಡುಗಳಲ್ಲಿ ನಿಲ್ಲುವ ಕಾರುಗಳಲ್ಲಿ ಇಲಿಗಳು ಆ ಬೆಚ್ಚಗಿನ ತಾಣದಲ್ಲಿ ಗೂಡು ಹೂಡಿ ವೈರುಗಳನ್ನು ಕಡಿಯುತ್ತವೆ. ಆದ್ದರಿಂದ ಸಾಮಾನ್ಯವಾಗಿ 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಆಯಿಲ್ ಬದಲಿಸುವಾಗ, ಹಲಗೆಯಲ್ಲಿರುವ ಕಿಂಡಿಯಿಂದಲೇ ಎಣ್ಣೆ ಇಳಿಸಿ ಕಳಿಸುವ ಗ್ಯಾರೇಜನ್ನು ತಡೆದು, ಹಲಗೆಯನ್ನು ಪೂರ್ತಿ ಬಿಚ್ಚಿಸುವುದೇ ಸರಿ. ಆಗ ಬುಷ್ಷುಗಳ ಬಿರುಕು, ಶಾಫ್ಟ್ ಬೂಟಿನ ಹರಕು, ಬ್ರೇಕ್ ಪೈಪಿನ ತುಕ್ಕು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆಯ ಹೆದ್ದಾರಿಯಲ್ಲಿ ದಿನವೂ ಓಡುವ ಕಾರಿಗೆ ಕಲ್ಲಿಗಿಂತ ಉಪ್ಪುಗಾಳಿಯೇ ದೊಡ್ಡ ಶತ್ರು. ಅಂಥ ಕಾರುಗಳ ಅಡಿಗೆ ಡಾಂಬರು ಅಥವಾ ಮೇಣದ ಅಂಶವಿರುವ ಲೇಪ, ಅಂದರೆ ಅಂಡರ್‌ಬಾಡಿ ಕೋಟಿಂಗ್, ಹೊಡೆಸುವುದು ವಾಡಿಕೆ. ಅದು ತೊಳೆದು ಪೂರ್ತಿ ಒಣಗಿದ ಮೈಗೆ ಮಾತ್ರ ಹಿಡಿಯುತ್ತದೆ, ಒದ್ದೆಯ ಮೇಲೆ ಹೊಡೆದದ್ದು ನೀರನ್ನು ಒಳಗೇ ಬಂಧಿಸಿಡುತ್ತದೆ. ಬಾಗಿಲು ಮತ್ತು ಹೊಸ್ತಿಲುಪಟ್ಟಿಯ ಅಡಿಯಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ರಂಧ್ರಗಳನ್ನು ಲೇಪದಿಂದ ಮುಚ್ಚಿಬಿಟ್ಟರೆ ತುಕ್ಕಿಗೆ ಆಹ್ವಾನ ಕೊಟ್ಟಂತೆಯೇ. ವಾಟರ್ ಸರ್ವಿಸ್ ಮುಗಿಸಿ ಹಳೆಯ ಆಯಿಲ್‌ಗೆ ಡೀಸೆಲ್ ಬೆರೆಸಿ ಅಡಿಗೆ ಸಿಂಪಡಿಸುವ ಪದ್ಧತಿ ಕೆಲವೆಡೆ ಇಂದಿಗೂ ಇದೆ, ಅದು ರಬ್ಬರ್ ಬುಷ್ಷುಗಳನ್ನು ಊದಿಸಿ ಮೆತ್ತಗಾಗಿಸುತ್ತದೆ, ಮರುದಿನದ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಕವಚ ಒಂದು ದಾಖಲೆಯಂತೆಯೂ ಒದಗುತ್ತದೆ. ಮುಂದಿನಿಂದ ಹಿಂದಕ್ಕೆ ಓಡಿದ ಸಾಮಾನ್ಯ ಗೀರುಗಳು ಹಂಪ್ಸಿನವು, ಅವುಗಳಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಹಲಗೆ ಒಂದೇ ಕಡೆ ಆಳವಾಗಿ ಒಳನುಗ್ಗಿದ್ದರೆ ಅದರ ನೇರ ಮೇಲಿರುವ ಚೇಂಬರಿನ ತಳವನ್ನೂ ಗೇರ್‌ಬಾಕ್ಸಿನ ಅಂಚನ್ನೂ ಕೈಯಾಡಿಸಿ ನೋಡಬೇಕು. ಹಳೆಯ ಕಾರಿನಲ್ಲಿ ಹಲಗೆ ಮಾತ್ರ ಹೊಚ್ಚಹೊಸದಾಗಿದ್ದರೆ, ಅದನ್ನು ಬಿಚ್ಚಿ ತೋರಿಸಲು ಮಾರುವವರು ಒಪ್ಪುವವರೆಗೂ ಮುಂಗಡ ಕೊಡದಿರುವುದು ಕ್ಷೇಮ.